ಗುಡ್-1 ಅತ್ತೆ, ಬ್ಯಾಡ್-3 ಹೆಂಡತಿ

ಸಾಫ್ಟ್‌ವೇರ್ ಕೆಲಸದವನು ಮನೆಗೆ ಬಂದ ಮೇಲೂ ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಮ್ ಬರೆಯುತ್ತಿದ್ದಾನೆಂದರೆ ಅದಕ್ಕೆ ಎರಡೇ ಕಾರಣ. ಒಂದೋ ಅವನಿಗೆ ಆ ವಿದ್ಯೆಯ ಮೇಲೆ ಅಪಾರ ಪ್ರೀತಿ. ಇಲ್ಲವೇ ಒಣಗಿದ ಬಟ್ಟೆ ಮಡಚಲು ಕರೆ ಬರುವ ಹೊತ್ತಿಗೆ ಯಾವುದೋ ಘನಕಾರ್ಯದಲ್ಲಿ ಮುಳುಗಿರುವವನ ಹಾಗೆ ಕಾಣಿಸಿಕೊಳ್ಳಬೇಕು. ಕೇಳಿದವರಿಗೆ ನಾನು ಹೇಳುವುದು ಮೊದಲನೆಯ ಕಾರಣವನ್ನು.

ನನ್ನ ಘನಕಾರ್ಯ ಇದು: ಮನೆಮಂದಿಯ ಮೊಬೈಲುಗಳಲ್ಲಿ ಗುಡ್ಡೆ ಬಿದ್ದಿರುವ ಫೋಟೋಗಳನ್ನು ಓದಿ, ತೆಗೆದ ತಾರೀಖು ಹುಡುಕಿ, ವರ್ಷ-ತಿಂಗಳ ಪ್ರಕಾರ ಫೋಲ್ಡರುಗಳಿಗೆ ಹಂಚುವ ಪ್ರೋಗ್ರಾಮ್.

"ಅದನ್ನ ಮೊಬೈಲೇ ಮಾಡುತ್ತಲ್ರೀ?" ಎಂದಳು ಹೆಂಡತಿ.

"ಅದು ಬೇರೆ, ಇದು ಬೇರೆ" ಎಂದೆ.

ಏನು ಬೇರೆ ಎಂದು ಅವಳು ಕೇಳಲಿಲ್ಲ. ಬ್ಯಾಂಕಿನ ಆಡಿಟ್ ವಿಭಾಗದಲ್ಲಿರುವವಳು. ಕೆಲವು ಪ್ರಶ್ನೆಗಳನ್ನು ಮುಂದಕ್ಕೆ ಬರುತ್ತವೆಂದು ಬಾಕಿ ಇಟ್ಟುಕೊಂಡಿರುತ್ತಾಳೆ.

ಪ್ರೋಗ್ರಾಮನ್ನು ನಾನು ಗಿಟ್‌ನಲ್ಲಿ ಇಟ್ಟಿದ್ದೆ. ಲಿನಕ್ಸ್ ಕರ್ನೆಲ್ ಬರೆಯುವವರ ಕೆಲಸಕ್ಕೆಂದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಕಟ್ಟಿದ ವ್ಯವಸ್ಥೆ ಅದು. ಯಾವ ಫೈಲಿನ ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂಬುದಕ್ಕೆಲ್ಲ ಅದರಲ್ಲಿ ಲೆಕ್ಕ ಇರುತ್ತದೆ. ಸಾವಿರಾರು ಜನ ಒಟ್ಟಿಗೆ ದುಡಿಯಲೆಂದು ಮಾಡಿದ್ದನ್ನು ಒಬ್ಬನೇ ಕೂತು ಬಳಸುವುದರಲ್ಲಿ ಒಂದು ಗತ್ತಿದೆ. ರಾತ್ರಿ ಒಂದು ಸಾಲು ತಿದ್ದಿ ಅದಕ್ಕೊಂದು ಕಮಿಟ್ ಸಂದೇಶ ಬರೆದರೆ ಇಡೀ ಜಗತ್ತಿಗೆ ವರದಿ ಒಪ್ಪಿಸಿದ ಸಮಾಧಾನ. ಜಗತ್ತೂ ಸುಮ್ಮನಿರಲಿಲ್ಲ. ಜರ್ಮನಿಯಲ್ಲಿರುವುದಾಗಿ ಬರೆದುಕೊಂಡಿದ್ದ ಯಾರೋ ಒಬ್ಬ ಅಪರಿಚಿತ, ಗಿಟ್‌ಹಬ್ ಎಂಬ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದ ನನ್ನ ರೆಪೊವನ್ನು, ಅಂದರೆ ಆ ಕೋಡಿನ ಭಂಡಾರವನ್ನು, ಫೋರ್ಕ್ ಮಾಡಿ ತನ್ನ ಖಾತೆಗೆ ಪ್ರತಿ ತೆಗೆದುಕೊಂಡ. ಆ ಸುದ್ದಿಯನ್ನು ನಾನು ಊಟದ ಹೊತ್ತಿನಲ್ಲಿ, ಫೋನಿನಲ್ಲಿ, ಹಾಲಿನ ಬೂತಿನಲ್ಲಿ ಪ್ರಸಾರ ಮಾಡಿದ್ದೆ.

ಪ್ರೋಗ್ರಾಮ್ ಬರೆದ ಮೇಲೆ ಅದಕ್ಕೆ ಟೆಸ್ಟ್ ಬೇಕು. ಟೆಸ್ಟ್‌ಗೆ ಫೋಟೋ ಬೇಕು. ಸರಿಯಿರುವ ಫೋಟೋ ಕೊಟ್ಟರೆ ತಾರೀಖು ಸರಿಯಾಗಿ ಓದಬೇಕು, ಕೆಟ್ಟಿರುವ ಫೋಟೋ ಕೊಟ್ಟರೆ ಬಿದ್ದು ಸಾಯದೆ "ಇದು ಕೆಟ್ಟಿದೆ" ಎಂದು ಹೇಳಬೇಕು. ಹೀಗಾಗಿ ಒಳ್ಳೆಯವೂ ಬೇಕು, ಕೆಟ್ಟವೂ ಬೇಕು. ಹೆಸರಿಡುವುದರಲ್ಲಿ ಈ ವೃತ್ತಿಯವರು ಕಲ್ಪನೆ ಖರ್ಚು ಮಾಡುವುದಿಲ್ಲ. ಒಳ್ಳೆಯದು ಗುಡ್, ಕೆಟ್ಟದ್ದು ಬ್ಯಾಡ್, ಮುಂದೆ ಒಂದು ನಂಬರು.

ಗುಡ್-1, ತುಳಸಿಕಟ್ಟೆಯ ಮುಂದೆ ನಿಂತ ನಮ್ಮ ಅತ್ತೆ. ಬೆಳಕು ಸರಿ, ತಾರೀಖು ಸರಿ, ಸೀರೆಯ ನೆರಿಗೆಯೂ ಸರಿ. ಗುಡ್-2, ಅವರೇ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸುವ 'ಶುಭೋದಯ' ಚಿತ್ರದ ಸ್ಕ್ರೀನ್‌ಶಾಟ್, ಪಿಎನ್‌ಜಿ ಫೈಲು. ಬ್ಯಾಡ್-1, ಹೆಸರು ಮಾತ್ರ ಇದ್ದು ಒಳಗೆ ಸೊನ್ನೆ ಬೈಟ್ ಇರುವ ಫೈಲು. ಬ್ಯಾಡ್-2, ಫೋಟೋ ಎಂದು ಸುಳ್ಳು ಹೆಸರಿಟ್ಟುಕೊಂಡ ಕರೆಂಟ್ ಬಿಲ್ಲಿನ ಪಿಡಿಎಫ್. ಬ್ಯಾಡ್-3 ನನ್ನ ಸಂಗ್ರಹದ ಮುಕುಟಮಣಿ. ಸೋದರತ್ತೆಯ ಮಗಳ ಮದುವೆಯಲ್ಲಿ ನನ್ನ ಹೆಂಡತಿ. ನಕಲು ಆಗುತ್ತಿರುವಾಗಲೇ ಯಾರೋ ಪೆನ್‌ಡ್ರೈವ್ ಕಿತ್ತುಕೊಂಡಿದ್ದರಿಂದ ಫೈಲು ಅರ್ಧಕ್ಕೇ ನಿಂತಿತ್ತು. ತೆರೆದರೆ ಜಡೆಬಿಲ್ಲೆ, ಬೈತಲೆಬೊಟ್ಟು, ಹಣೆ, ಮೂಗಿನವರೆಗೆ ಹೆಂಡತಿ; ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ಇಂಥ ಅಪ್ಪಟ ಹಾಳಾದ ಜೆಪೆಗ್ ಬೇಕೆಂದರೆ ಸಿಗುವಂಥದ್ದಲ್ಲ. ಸಿಕ್ಕ ಖುಷಿಗೆ ಅದೇ ರಾತ್ರಿ ರೆಪೊಗೆ ಸೇರಿಸಿ ಪುಷ್ ಮಾಡಿದ್ದೆ.

ವಿಷಯ ಹೊರಬಿದ್ದದ್ದು ಭಾವಮೈದನಿಂದ. ಮನೆಯವರೆಲ್ಲ ಪುಟ್ಟ ಎಂದು ಕರೆಯುವ, ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ. ಪ್ಲೇಸ್‌ಮೆಂಟ್ ಹತ್ತಿರ ಬಂದಿತ್ತು. ಯಾವುದಾದರೂ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಕೈಜೋಡಿಸಿದ್ದೇನೆ ಎಂದು ರೆಸ್ಯೂಮೆಯಲ್ಲಿ ಬರೆಯಬೇಕಿತ್ತು. ಜಗತ್ತಿನ ಪ್ರಾಜೆಕ್ಟುಗಳೆಲ್ಲ ಕಷ್ಟವೆನಿಸಿ ಭಾವನದನ್ನೇ ಹಿಡಿದ. ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ತಿಳಿಸಾರು ಸುರಿದುಕೊಳ್ಳುತ್ತಾ ನಕ್ಕ.

"ಅಕ್ಕಾ, ಭಾವ ನಿನ್ನನ್ನ ಬ್ಯಾಡ್-3 ಅಂತ ಹಾಕಿದಾರೆ."

ಹೆಂಡತಿ ಸೌಟು ಕೆಳಗಿಟ್ಟಳು. "ಅಮ್ಮ ಏನು?"

"ಅಮ್ಮ ಗುಡ್-1."

ಅತ್ತೆ ಸೆರಗು ಸರಿಮಾಡಿಕೊಂಡರು.

"ಇರಲಿ. ಬ್ಯಾಡ್-1, ಬ್ಯಾಡ್-2 ಯಾರ್ರೀ?" ನಾನು ಸುಮ್ಮನಿರಬಹುದಿತ್ತು. ಆದರೆ ತಾಂತ್ರಿಕ ಪ್ರಶ್ನೆ ಕೇಳಿದಾಗ ತಾಂತ್ರಿಕವಾಗಿ ಉತ್ತರಿಸದಿದ್ದರೆ ನನಗೆ ಊಟ ಇಳಿಯುವುದಿಲ್ಲ. ಸೊನ್ನೆ ಬೈಟಿನದನ್ನೂ ಕರೆಂಟ್ ಬಿಲ್ಲನ್ನೂ ವಿವರಿಸಿದೆ.

"ಅಂದ್ರೆ ಖಾಲಿ ಫೈಲು ಮೊದಲು, ಕರೆಂಟ್ ಬಿಲ್ಲು ಆಮೇಲೆ, ಅದಾದ ಮೇಲೆ ನಾನು."

"ಅದು ರ‍್ಯಾಂಕ್ ಅಲ್ಲ ಕಣೆ, ಬರೀ ಸೀರಿಯಲ್ ನಂಬರು."

"ತೆಗೀರಿ ಅದನ್ನ. ಈಗಲೇ."

ಎಡಗೈಯಲ್ಲೇ ಅಳಿಸಿದೆ. 'ಮನೆಯವರ ಕೋರಿಕೆಯ ಮೇರೆಗೆ' ಎಂದು ಕಮಿಟ್ ಸಂದೇಶವನ್ನೂ ಬರೆದೆ. ಮಜ್ಜಿಗೆ ಬರುವ ಹೊತ್ತಿಗೆ ಪ್ರಕರಣ ಮುಗಿದಂತೆ ಕಂಡಿತು. ಆಗ ಭಾವಮೈದ ಬಾಯಿ ಒರೆಸಿಕೊಂಡು, "ಹಿಸ್ಟರಿಯಲ್ಲಿ ಹಾಗೇ ಇರುತ್ತಲ್ಲ ಭಾವ?" ಎಂದ. ವಿದ್ಯಾಭ್ಯಾಸ ಕೊಡಿಸುವುದರ ಫಲ ಇದು.

ಹುಡುಗ ಹೇಳಿದ್ದು ನಿಜ. ಗಿಟ್‌ನ ಹಿಸ್ಟರಿ ನಮ್ಮ ಮನೆಯ ಅಟ್ಟದ ಹಾಗೆ. ಕಣ್ಣಿಗೆ ಕಾಣದಂತೆ ಮಾಡಿದ್ದೆಲ್ಲ ಅಲ್ಲಿಗೆ ಹೋಗಿ ಕೂತಿರುತ್ತದೆ, ಮನೆ ಖಾಲಿ ಮಾಡುವ ದಿನ ಒಂದೊಂದೇ ಇಳಿಯುತ್ತದೆ. ಇವತ್ತು ಅಳಿಸಿದ ಫೈಲು ನಿನ್ನೆಯ ಕಮಿಟ್‌ನಲ್ಲಿ ಅಚ್ಚಳಿಯದೆ ಉಳಿದಿರುತ್ತದೆ. ಹೊಸದಾಗಿ ಕ್ಲೋನ್ ಮಾಡುವವನಿಗೂ ಅಟ್ಟದ ಸಮೇತವೇ ಮನೆ ಸಿಗುವುದು.

ಅಷ್ಟರಲ್ಲಿ ಮಾವನವರು ಬಾಯಿಬಿಟ್ಟರು. ಅವರ ದೂರು ಬೇರೆ. ಕಳೆದ ಸಲ ಮಗ ಊರಿಗೆ ಬಂದಾಗ ಅವರ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು ಇದನ್ನೇ ಇಳಿಸಿಕೊಂಡಿದ್ದನಂತೆ. ಆ ದಿನದ ಉಳಿದ ಡೇಟಾ ಪೂರ್ತಿ ಹೋಗಿ, ಯೂಟ್ಯೂಬಿನ ಯಕ್ಷಗಾನದಲ್ಲಿ ಕೀಚಕ ಸಾಯುವ ಮೊದಲೇ ಎಲ್ಲ ನಿಂತುಹೋಗಿತ್ತಂತೆ. "ಅಳಿಯಂದಿರೇ, ಪ್ರೋಗ್ರಾಮು ಅಂದ್ರೆ ಬರೀ ಅಕ್ಷರ ಅಲ್ವಾ? ಅಷ್ಟು ಭಾರ ಹೇಗಾಯ್ತು?"

ನಾನು ಬರೆದದ್ದು ನಿಜಕ್ಕೂ ಹಗುರ. ಅಕ್ಷರದ ಫೈಲಿನಲ್ಲಿ ಒಂದು ಸಾಲು ಬದಲಿಸಿದರೆ ಗಿಟ್ ಹಳೆಯದಕ್ಕೂ ಹೊಸದಕ್ಕೂ ಇರುವ ಹೋಲಿಕೆ ಹಿಡಿದು ಬಿಗಿಯಾಗಿ ಕಟ್ಟಿಡುತ್ತದೆ. ಫೋಟೋದಲ್ಲಿ ಆ ಆಟ ನಡೆಯುವುದಿಲ್ಲ. ಜೆಪೆಗ್ ಮೊದಲೇ ಹಿಂಡಿ ಇಟ್ಟ ಮಾಲು, ಇನ್ನೂ ಹಿಂಡಿದರೆ ಏನೂ ಇಳಿಯುವುದಿಲ್ಲ. ಸ್ವಲ್ಪ ಓರೆ ಸರಿಮಾಡಿ ಮತ್ತೆ ಸೇವ್ ಮಾಡಿದರೂ ಒಳಗಿನ ಬೈಟುಗಳೆಲ್ಲ ಅದಲುಬದಲಾಗಿ, ಗಿಟ್‌ಗೆ ಅದು ಹೆಚ್ಚುಕಡಿಮೆ ಹೊಚ್ಚಹೊಸ ಫೈಲೇ. ಅತ್ತೆಯ ಫೋಟೋವನ್ನು ನಾನು ಗೌರವದಿಂದ ಹಲವು ಸಲ ತಿದ್ದಿದ್ದೆ. ಒಮ್ಮೆ ಓರೆ ಸರಿಮಾಡಿದೆ, ಒಮ್ಮೆ ಬೆಳಕು ಏರಿಸಿದೆ, ಒಮ್ಮೆ ಹಿಂದಿದ್ದ ಪ್ಲಾಸ್ಟಿಕ್ ಬಕೆಟ್ ಕತ್ತರಿಸಿದೆ. ಪ್ರತಿ ಸಲವೂ ನಾಲ್ಕು ಎಂಬಿಯ ಹೊಸ ಅತ್ತೆ ಹಿಸ್ಟರಿಗೆ ಸೇರುತ್ತಾ ಹೋದರು. ಗಿಟ್‌ಹಬ್‌ನವರು 50 ಎಂಬಿ ದಾಟಿದ ಒಂಟಿ ಫೈಲಿಗೆ ಎಚ್ಚರಿಕೆ ಕೊಡುತ್ತಾರೆ, 100 ಎಂಬಿ ದಾಟಿದರೆ ಒಳಗೇ ಬಿಡುವುದಿಲ್ಲ. ನಾಲ್ಕು ಎಂಬಿಯ ಅತ್ತೆ ಎಷ್ಟು ಸಲ ಬಂದರೂ ಅವರು ತಡೆಯುವುದಿಲ್ಲ.

"ಪ್ರತಿ ಸಲ ಏನು ಬದಲಾಯ್ತು ಅಂತ ಅದರಲ್ಲಿ ಗೊತ್ತಾಗುತ್ತಲ್ಲ, ತೋರಿಸಿ" ಎಂದು ಹೆಂಡತಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಡಿಫ್ ಹಾಕಿ ತೋರಿಸಿದೆ. ಪರದೆಯ ಮೇಲೆ ಬಂದದ್ದು ಒಂದೇ ಸಾಲು, ಈ ಎರಡು ಬೈನರಿ ಫೈಲುಗಳು ಬೇರೆ ಬೇರೆ ಎಂದು.

"ಏನು ಬೇರೆ?"

"ಅದನ್ನ ಹೇಳಲ್ಲ."

"ನಿಮ್ಮ ಹತ್ತಿರವೇ ಕಲಿತಿರಬೇಕು. ಅದು ಬೇರೆ, ಇದು ಬೇರೆ, ಏನು ಬೇರೆ ಅಂತ ಮಾತ್ರ ಕೇಳಬಾರದು." ಬಾಕಿ ಪ್ರಶ್ನೆ ಬಡ್ಡಿ ಸಮೇತ ವಸೂಲಾಯಿತು.

ಗಿಟ್‌ಗೆ ಇದು ಬೈನರಿ ಎಂದು ತಿಳಿಯುವುದಾದರೂ ಹೇಗೆ ಎಂದು ಕೇಳಿದಳು. ಫೈಲಿನ ಮೊದಲ 8000 ಬೈಟುಗಳಲ್ಲಿ ಎಲ್ಲಾದರೂ ಸೊನ್ನೆ ಬೆಲೆಯ ಬೈಟ್ ಇದೆಯೇ ಎಂದು ನೋಡುತ್ತದೆ. ಇದ್ದರೆ ಬೈನರಿ ಎಂದು ಬಗೆದು ಅಕ್ಷರದ ಉಪಚಾರಗಳನ್ನು ಕೈಬಿಡುತ್ತದೆ. ಅದಕ್ಕೆ ಈ ಬುದ್ಧಿ ಸಾಕಾಗಿತ್ತು. ಸಾಲದೆಂದು ತೋರಿದ್ದು ಭಾವಮೈದನಿಗೆ.

ಅವನ ಮೊದಲ ಕೊಡುಗೆ ಆಗಲೇ ರೆಪೊ ಸೇರಿತ್ತು. ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ 13 ಮತ್ತು 10 ಎಂಬ ಎರಡು ಬೈಟ್, ಲಿನಕ್ಸ್‌ನಲ್ಲಿ 10 ಒಂದೇ. ಈ ಎರಡರ ಜಗಳ ಬಿಡಿಸಲೆಂದು ಅವನು 'ಗಿಟ್ಆಟ್ರಿಬ್ಯೂಟ್ಸ್' ಫೈಲಿನಲ್ಲಿ, ಇಲ್ಲಿರುವುದೆಲ್ಲ ಅಕ್ಷರವೇ ಎಂದು ಒಂದೇ ಸಾಲಿನಲ್ಲಿ ಸಾರಿ, ಎಲ್ಲ ಫೈಲುಗಳನ್ನೂ ಹೊಸದಾಗಿ ಹದಮಾಡಿ ಕಮಿಟ್ ಮಾಡಿದ್ದ. ಗಿಟ್ ಆಜ್ಞಾಧಾರಕ. ಎಲ್ಲೆಲ್ಲಿ 13, 10 ಜೋಡಿ ಕಂಡಿತೋ ಅಲ್ಲೆಲ್ಲ 13 ಅನ್ನು ಕಿತ್ತುಹಾಕಿತು. 'ಶುಭೋದಯ'ದೊಳಗಿನದನ್ನೂ ಬಿಡಲಿಲ್ಲ.

ಪಿಎನ್‌ಜಿ ರೂಪಿಸಿದವರನ್ನು ಇಲ್ಲಿ ಮೆಚ್ಚಬೇಕು. ಆ ಮಾದರಿ 1996ರಲ್ಲಿ ಡಬ್ಲ್ಯು3ಸಿ ಶಿಫಾರಸಾಗಿ ಬಂತು. ಪ್ರತಿ ಪಿಎನ್‌ಜಿಯೂ ಎಂಟು ಬೈಟುಗಳಿಂದ ಶುರುವಾಗಲೇಬೇಕು: 137, 80, 78, 71, 13, 10, 26, 10. ನಡುವಿನ 80, 78, 71 ಅಂದರೆ ಪಿ, ಎನ್, ಜಿ ಅಕ್ಷರಗಳು. ಮೊದಲ 137, ಏಳೇ ಬಿಟ್ ಹಾಯಿಸುವ ಹಳೆಯ ದಾರಿಗಳಲ್ಲಿ ಬಂದರೆ ಕೆಡುವಂಥದ್ದು. 13, 10 ವಿಂಡೋಸ್‌ನ ಸಾಲಿನ ಕೊನೆ, 26 ಹಳೆಯ ಡಾಸ್‌ನ ಫೈಲಿನ ಕೊನೆ, ಕಡೆಯ 10 ಯುನಿಕ್ಸ್‌ನ ಸಾಲಿನ ಕೊನೆ. ಯಾರಾದರೂ ಸಾಲಿನ ಕೊನೆಗಳನ್ನು ಉದ್ಧಾರ ಮಾಡಲು ಹೊರಟರೆ ಬಾಗಿಲಲ್ಲೇ ಸಿಕ್ಕಿಬೀಳಲಿ ಎಂದೇ ಇಟ್ಟ ಬಲೆ. ನಮ್ಮ ಗುಡ್-2ರಲ್ಲಿ ಆಗಿದ್ದೂ ಅದೇ. ಎಂಟರಲ್ಲಿ ಒಂದು ಬೈಟ್ ಕಾಣೆ, ಪ್ರೋಗ್ರಾಮ್ ಹೊಸ್ತಿಲಲ್ಲೇ ತಿರಸ್ಕಾರ ಮಾಡಿತು.

"ಅಂದ್ರೆ ಅದನ್ನ ಮಾಡಿದೋರಿಗೆ ಪುಟ್ಟನಂಥೋರು ಹುಟ್ಟುತ್ತಾರೆ ಅಂತ ಮೊದಲೇ ಗೊತ್ತಿತ್ತು" ಎಂದಳು ಅಕ್ಕ.

ಪುಟ್ಟ ಮುಖ ಸಣ್ಣದು ಮಾಡಿಕೊಂಡ. ಪಿಎನ್‌ಜಿ, ಜೆಪೆಗ್‌ಗಳು ಬೈನರಿ, ಅವುಗಳ ತಂಟೆಗೆ ಹೋಗಬೇಡ ಎಂದು ಅದೇ ಫೈಲಿನಲ್ಲಿ ಎರಡು ಸಾಲು ಬರೆಸಿ ಅವನ ಕೈಯಲ್ಲೇ ಕಮಿಟ್ ಮಾಡಿಸಿದೆ. ಪ್ರಾಜೆಕ್ಟಿಗೆ ಅವನ ಕೊಡುಗೆ ಎರಡಾಯಿತು.

ಭಾರ ಇಳಿಸಲು ನಾನು ಹಿಡಿದ ದಾರಿ ಗಿಟ್ ಎಲ್‌ಎಫ್‌ಎಸ್. ಗಿಟ್‌ಹಬ್‌ನವರು 2015ರಲ್ಲಿ ಹೊರತಂದ ಏರ್ಪಾಟು. ದೊಡ್ಡ ಫೈಲು ಬೇರೆಲ್ಲೋ ಇರುತ್ತದೆ. ರೆಪೊದಲ್ಲಿ ಅದರ ಜಾಗಕ್ಕೆ ಮೂರು ಸಾಲಿನ ಚೀಟಿ, ಯಾವ ಆವೃತ್ತಿ, ಯಾವ ಗುರುತು, ಎಷ್ಟು ಗಾತ್ರ ಎಂದು. ಎಲ್‌ಎಫ್‌ಎಸ್ ಹಾಕಿಕೊಂಡವರಿಗೆ ಚೀಟಿ ಹೋಗಿ ಫೋಟೋ ಬರುತ್ತದೆ, ಹಾಕಿಕೊಳ್ಳದವರಿಗೆ ಚೀಟಿಯೇ ಗತಿ. ಪುಟ್ಟ ಹಾಕಿಕೊಂಡಿರಲಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮ್ ಆ ಚೀಟಿಯನ್ನೇ ಹಿಡಿದು, ಇದರಲ್ಲಿ ತಾರೀಖೂ ಇಲ್ಲ, ಇದು ಫೋಟೋವೂ ಅಲ್ಲ ಎಂದು ಕೆಂಪು ಅಕ್ಷರದಲ್ಲಿ ಕೂಗಿಕೊಂಡಿತು. ಗುಡ್-1 ಸಹ ಬ್ಯಾಡ್ ಆಯಿತೆಂಬ ಸುದ್ದಿ ಅಡುಗೆಮನೆ ತಲುಪಿತು. ಆ ಸಂಜೆ ನನಗೆ ಕಾಫಿ ತಡವಾಗಿ ಬಂತು, ಡಿಕಾಕ್ಷನ್ನೂ ಎರಡನೆಯದು.

ಇಷ್ಟಾದ ಮೇಲೆ ಹೆಂಡತಿ ಅಧಿಕೃತವಾಗಿ ಆಡಿಟ್‌ಗೆ ಇಳಿದಳು. ಕನ್ನಡಕ ಹಾಕಿಕೊಂಡು, ನೋಟ್‌ಬುಕ್ ತೆಗೆದು, ಒಂದೊಂದು ಟೆಸ್ಟ್ ಫೈಲಿಗೂ ಒಂದೊಂದು ಗೆರೆ ಎಳೆದಳು. "ಇದನ್ನ ತಂದೋರು ಯಾರು? ಎಲ್ಲಿಂದ? ಯಾಕೆ ಬೇಕು? ಹಾಳಾದರೆ ಮತ್ತೆ ಮಾಡೋದು ಹೇಗೆ? ವೋಚರ್ ಎಲ್ಲಿ?"

"ಟೆಸ್ಟ್ ಫೈಲಿಗೆಲ್ಲ ವೋಚರ್ ಯಾರು ಬರೀತಾರೆ? ಅದನ್ನ ಯಾರೂ ತೆರೆದು ನೋಡಲ್ಲ ಕಣೆ" ಎಂದೆ.

"ಅಕ್ಕಾ, ಅದಕ್ಕೇ ಎಕ್ಸ್‌ಝಡ್ ಕಥೆ ಆಗಿದ್ದು" ಎಂದ ಪುಟ್ಟ. ಪ್ಲೇಸ್‌ಮೆಂಟಿಗೆಂದು ಓದಿಕೊಂಡಿದ್ದನ್ನೆಲ್ಲ ನನ್ನ ಮೇಲೇ ಪ್ರಯೋಗಿಸುತ್ತಿದ್ದ.

ಕಥೆ ನನಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಪುಟ್ಟನ ಬಾಯಿಂದ ಕೇಳಬೇಕಾಯಿತು. ಎಕ್ಸ್‌ಝಡ್ ಎಂಬುದು ಫೈಲುಗಳನ್ನು ಕುಗ್ಗಿಸುವ ಸಾಧನ, ಲಿನಕ್ಸ್ ಇರುವ ಕಡೆ ಹೆಚ್ಚಾಗಿ ಇರುತ್ತದೆ. ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಯಾರೋ ವರ್ಷಗಟ್ಟಲೆ ತಾಳ್ಮೆಯಿಂದ ಕೆಲಸ ಮಾಡಿ, ನಂಬಿಕೆ ಗಳಿಸಿ, ಪ್ರಾಜೆಕ್ಟಿನ ಉಸ್ತುವಾರಿ ಪಡೆದರು. ಆಮೇಲೆ ಎರಡು ಟೆಸ್ಟ್ ಫೈಲು ಸೇರಿಸಿದರು. ಕುಗ್ಗಿಸುವ ಸಾಧನದ ಟೆಸ್ಟ್ ಎಂದರೆ ಕೆಟ್ಟ ಫೈಲು ಇರಲೇಬೇಕಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಅವುಗಳೊಳಗೆ ಕಳ್ಳಬಾಗಿಲಿನ ಕೋಡ್ ಬಚ್ಚಿಟ್ಟಿತ್ತು. ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಸೇರಿಸಿದ ಒಂದು ಸ್ಕ್ರಿಪ್ಟು, ತಂತ್ರಾಂಶ ಕಟ್ಟುವ ಹೊತ್ತಿಗೆ ಅದನ್ನು ಮೆಲ್ಲಗೆ ಹೊರಗೆಳೆದು ಸೇರಿಸುತ್ತಿತ್ತು. 5.6.0 ಮತ್ತು 5.6.1 ಆವೃತ್ತಿಗಳು ಹೀಗೇ ಹೊರಬಂದವು. ಮೈಕ್ರೋಸಾಫ್ಟ್‌ನಲ್ಲಿರುವ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರೆಯುವವರಲ್ಲಿ ಒಬ್ಬರಾದ ಆಂಡ್ರೆಸ್ ಫ್ರಾಯ್ಂಡ್, ತಮ್ಮ ಯಂತ್ರಕ್ಕೆ ಎಸ್‌ಎಸ್‌ಎಚ್ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂದು ಬೆನ್ನುಹತ್ತಿ, 2024ರ ಮಾರ್ಚ್ 29ರಂದು ಇದನ್ನು ಬಯಲು ಮಾಡಿದರು.

"ಅರ್ಧ ಸೆಕೆಂಡಿಗೆ ಅನುಮಾನ ಬಂತಾ!" ಹೆಂಡತಿ ನನ್ನ ಕಡೆ ತಿರುಗಿದಳು. "ನೀವು ಹಾಲು ತರೋಕೆ ಹೋಗಿ ಒಂದು ಗಂಟೆ ಬಿಟ್ಟು ಬಂದಾಗಲೂ ನಾನು ಯಾವತ್ತಾದರೂ ಕೇಳಿದೀನಾ?" ಆಮೇಲೆ ಪುಟ್ಟನಿಗೆ, "ಆ ಫೈಲಿನ ಹೆಸರೇನೋ?"

"ಒಂದು ಗುಡ್-ಲಾರ್ಜ್-ಕಂಪ್ರೆಸ್ಡ್. ಇನ್ನೊಂದು..." ಎಂದು ನನ್ನ ಮುಖ ನೋಡಿದ. "ಇನ್ನೊಂದು ಬ್ಯಾಡ್-3-ಕರಪ್ಟ್."

ಬ್ಯಾಡ್-3. ಜಗತ್ತಿನಲ್ಲಿ ಅಷ್ಟು ನಂಬರುಗಳಿರುವಾಗ. ಹೆಂಡತಿ ಪೆನ್ನಿನ ಮುಚ್ಚಳ ಹಾಕಿದಳು. "ಹಾಗಾದ್ರೆ ಬ್ಯಾಡ್ ಅಂತ ಹೆಸರಿಟ್ಟರೆ ಸಾಕು, ಯಾರೂ ಒಳಗೇನಿದೆ ಅಂತ ನೋಡಲ್ಲ. ಸರಿ. ನಾವೀಗ ನೋಡೋಣ."

ನೋಡಿದೆವು. ಫೋಟೋದೊಳಗೆ ಚಿತ್ರವೊಂದೇ ಇರುವುದಿಲ್ಲ. ಎಕ್ಸಿಫ್ ಎಂಬ ಭಾಗದಲ್ಲಿ ತಾರೀಖು, ಫೋನಿನ ಮಾದರಿ, ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶವೂ ಇರುತ್ತದೆ. ಗುಡ್-1ರದ್ದನ್ನು ಮ್ಯಾಪಿಗೆ ಹಾಕಿದರೆ ಸೂಜಿ ಸೀದಾ ಊರಿನ ಮನೆಯ ತುಳಸಿಕಟ್ಟೆಗೆ ಹೋಗಿ ಚುಚ್ಚಿತು. ಕಳ್ಳರಿಗೆ ದಾರಿ ತೋರಿಸಿದ್ದೀರಿ ಎಂದು ಮಾವನವರು ಗಾಬರಿಯಾದರು. ಅತ್ತೆ ಮಾತ್ರ ತಣ್ಣಗೆ, "ಕೊರಿಯರ್‌ನವನಿಗೇ ನಮ್ಮನೆ ಸಿಗಲ್ಲ. ಅದರಲ್ಲಿ ಸಿಗುತ್ತೆ ಅಂದ್ರೆ ಅವನಿಗೂ ಒಂದು ಕಳಿಸಿ" ಎಂದರು.

ಆಡಿಟರ್ ಮುಂದಿನ ಪ್ರಶ್ನೆ ಹಾಕಿದಳು. "ನಿಮ್ಮ ಪ್ರೋಗ್ರಾಮು ಈ ಫೋಟೋದಲ್ಲಿ ಓದೋದು ಏನನ್ನ?"

"ತಾರೀಖನ್ನ."

"ಅದು ಎಷ್ಟು ದೊಡ್ಡದು?"

ಲೆಕ್ಕ ಹಾಕಿದೆ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು, ನಡುವಿನ ಚುಕ್ಕೆಗಳೂ ಒಂದು ಖಾಲಿ ಜಾಗವೂ ಸೇರಿ 19 ಅಕ್ಷರ, ಕೊನೆಗೊಂದು ಸೊನ್ನೆ. ಒಟ್ಟು 20 ಬೈಟ್.

"ಇಪ್ಪತ್ತು ಬೈಟಿಗೆ ನಾಲ್ಕು ಎಂಬಿ ಅಮ್ಮನ್ನ ಹೊರಿಸಿದೀರಿ."

ಇದಕ್ಕೆ ನನ್ನ ಬಳಿ ತಾಂತ್ರಿಕ ಉತ್ತರವಿರಲಿಲ್ಲ. ಆ ವಾರವೇ ಪುಟ್ಟ ಮೂರನೆಯ ಕೊಡುಗೆ ಬರೆದ, ಟೆಸ್ಟ್ ಓಡುವ ಹೊತ್ತಿಗೆ ಚಿತ್ರವನ್ನು ತಾನೇ ತಯಾರಿಸುವ ಪುಟ್ಟ ಸ್ಕ್ರಿಪ್ಟು. ಒಂದೇ ಪಿಕ್ಸೆಲ್ಲಿನ ಜೆಪೆಗ್, ಒಳಗೆ ನಮಗೆ ಬೇಕಾದ ತಾರೀಖು. ಕೆಲವು ನೂರು ಬೈಟಿನಲ್ಲಿ ಮುಗಿಯಿತು. ಸ್ಕ್ರಿಪ್ಟು ಅಕ್ಷರವಾದ್ದರಿಂದ ಯಾರು ಬೇಕಾದರೂ ಓದಬಹುದು, ಏನು ಬದಲಾಯಿತೆಂದು ಡಿಫ್ ಹೇಳುತ್ತದೆ, ಒಳಗೆ ಯಾರೂ ಅಡಗಿ ಕೂರಲಾರರು. ಕೆಟ್ಟ ಫೈಲು ಬೇಕೆಂದರೆ ಅದೇ ಸ್ಕ್ರಿಪ್ಟು ಒಳ್ಳೆಯದನ್ನು ಅರ್ಧಕ್ಕೆ ಕತ್ತರಿಸುತ್ತದೆ. ಇದನ್ನು ನಾನು ಎಲ್ಲರಿಗೂ ಅರ್ಥವಾಗಲೆಂದು, "ಅತ್ತೆಯವರನ್ನ ಅರ್ಧಕ್ಕೆ ಕತ್ತರಿಸಿದರೆ ಇವಳು ಬರ್ತಾಳೆ" ಎಂದು ವಿವರಿಸಿದೆ. ಅರ್ಥವಾಯಿತೆಂದು ಅವರ ಮುಖಗಳೇ ಹೇಳಿದವು.

ಎಲ್ಲವನ್ನೂ ಹೀಗೆ ತಯಾರಿಸಲಾಗದು. ಯಾವುದೋ ಹಳೆಯ ಕ್ಯಾಮೆರಾ ತಾರೀಖನ್ನು ತನಗೆ ತೋಚಿದ ಜಾಗದಲ್ಲಿ ಬರೆದಿರುತ್ತದೆ. ಅಂಥದ್ದನ್ನು ಇದ್ದ ಹಾಗೇ ಇಟ್ಟುಕೊಳ್ಳದೆ ವಿಧಿಯಿಲ್ಲ. ಅದಕ್ಕೆ ಹೆಂಡತಿ ನಿಯಮ ಮಾಡಿದಳು. ಓದಲಾಗದ್ದನ್ನು ಇಡುವುದಾದರೆ ಅದರ ಪಕ್ಕದಲ್ಲೇ ಓದಲಾಗುವಂಥದ್ದೊಂದು ಇರಬೇಕು. ಈಗ ಆ ಫೋಲ್ಡರಿನಲ್ಲಿ ರೀಡ್‌ಮಿ ಫೈಲಿದೆ, ಫೈಲಿಗೊಂದು ಸಾಲು: ತಂದವರು, ಮೂಲ, ಕಾರಣ, ಮತ್ತೆ ಮಾಡುವ ಬಗೆ. ಕಾರಣದ ಕಾಲಮ್ಮಿನಲ್ಲಿ 'ಇರಲಿ ಅಂತ' ಎಂದು ಬರೆದಿದ್ದೆ. ಅದು ಆಬ್ಜೆಕ್ಷನ್ ಬಿದ್ದು ವಾಪಸ್ ಬಂತು. ಇಪ್ಪತ್ತು ವರ್ಷದಿಂದ ಕೋಡ್ ರಿವ್ಯೂ ಮಾಡುವ ನಾನು ಕೆಟ್ಟ ಫೋಟೋ ಇಡಲು ಬ್ಯಾಂಕಿನವರ ಮಂಜೂರಾತಿ ಕಾಯುತ್ತೇನೆ.

ಉಳಿದದ್ದು ಹಿಸ್ಟರಿ. ಅದಕ್ಕೆ ಗಿಟ್ ಫಿಲ್ಟರ್-ರೆಪೊ ಎಂಬ ಸಾಧನವಿದೆ. ಹೇಳಿದ ಫೈಲನ್ನು ಮೊದಲ ಕಮಿಟ್‌ನಿಂದಲೇ ಹೆಕ್ಕಿ ತೆಗೆದು, ಇಡೀ ಇತಿಹಾಸವನ್ನು ಹೊಸದಾಗಿ ಬರೆಯುತ್ತದೆ. ಬರೆದ ಮೇಲೆ ಅಲ್ಲಿಂದೀಚಿನ ಎಲ್ಲ ಕಮಿಟ್‌ಗಳ ಗುರುತೂ ಬದಲಾಗುವುದರಿಂದ, ಜೊತೆಯಲ್ಲಿ ದುಡಿಯುವವರೆಲ್ಲ ಹಳೆಯ ಪ್ರತಿ ಬಿಸಾಡಿ ಹೊಸದಾಗಿ ಕ್ಲೋನ್ ಮಾಡಿಕೊಳ್ಳಬೇಕು. ಜೊತೆಯಲ್ಲಿ ದುಡಿಯುವವನು ಪುಟ್ಟ ಒಬ್ಬನೇ. ಈ ಸಲ ಮಾವನವರ ಡೇಟಾ ಮುಟ್ಟಲಿಲ್ಲ, ಮುಟ್ಟಿದ್ದರೂ ತಿಳಿಯುತ್ತಿರಲಿಲ್ಲ, ಅಷ್ಟು ಹಗುರವಾಗಿತ್ತು. ಅತ್ತೆಯ ಅಷ್ಟೂ ಅವತಾರ, ಶುಭೋದಯ, ಮೂಗಿನವರೆಗಿನ ಹೆಂಡತಿ, ಯಾರೂ ಇಲ್ಲ. ಊಟಕ್ಕೆ ಕೂತಾಗ ವಿಜಯವಾರ್ತೆ ಸಾರಿದೆ.

"ಭಾವ, ಆ ಜರ್ಮನಿಯವನ ಫೋರ್ಕು?" ಎಂದ ಪುಟ್ಟ.

ಬೇರೆಯವರು ತೆಗೆದುಕೊಂಡ ಪ್ರತಿಯನ್ನು ನಾವು ತಿದ್ದಲಾಗುವುದಿಲ್ಲ. ಅವರಾಗಿಯೇ ಅಳಿಸಬೇಕು. ಪತ್ರ ಬರೆದು ಕೇಳಿಕೊಳ್ಳುತ್ತೇನೆ ಎಂದೆ. ಹೆಂಡತಿ ನನ್ನನ್ನು ನೋಡುತ್ತಿದ್ದಳು. ಯಾರೂ ಉಣ್ಣುತ್ತಿರಲಿಲ್ಲ.

ಅತ್ತೆಯೇ ಕೇಳಿದರು. "ಅಂದ್ರೆ ಇವಳ ಫೋಟೋ ಜರ್ಮನಿಯಲ್ಲಿದೆಯಾ?"

"ಇದೆ ಅತ್ತೆ."

"ಮೂಗಿನವರೆಗೆ ಮಾತ್ರ?"

"ಹೌದು."

ಅವರಿಗೆ ನಿಜಕ್ಕೂ ಬೇಸರವಾಯಿತು. "ಎಂಥದು ಅಳಿಯಂದಿರೇ, ಹೊರಗಿನವರು ನಮ್ಮ ಹುಡುಗಿಯನ್ನ ಏನು ಅಂತ ತಿಳ್ಕೊಂಡಾರು? ಅಳಿಸಿ ಗಿಳಿಸಿ ಅಂತೆಲ್ಲ ಬರೀಬೇಡಿ. ಆ ಮದುವೆಯದೇ ಪೂರ್ತಿ ಬಂದಿರೋದು ನನ್ನ ಫೋನಲ್ಲಿದೆ, ಅದನ್ನ ಕಳಿಸಿಕೊಡಿ."